ಕಣ್ಣಿಲ್ಲದ ಮಂದೆ: ಬೆನ್ನ ಮೇಲಿನ ಜಾಜು

"ಇದಿಷ್ಟು ನನ್ನ ಹಂದಿಗಿ ಹಾಕ್ರಿ ಸಾಹೇಬ್ರ."

ಲಾಕಪ್ಪಿನ ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಚಾಚಿತ್ತು. ಕೈಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಚೀಲ. ಅದರೊಳಗೆ ನಿನ್ನೆಯ ಒಂದೂವರೆ ಜೋಳದ ರೊಟ್ಟಿ, ಬೆಳಗ್ಗೆ ಕೊಟ್ಟ ಉಪ್ಪಿಟ್ಟಿನಲ್ಲಿ ಅರ್ಧ.

ಹೆಡ್ ಕಾನ್‌ಸ್ಟೇಬಲ್ ಅಮಾತೆಪ್ಪ ಚೀಲ ತೆಗೆದುಕೊಂಡ. "ನೀ ಉಣ್ಲಿಲ್ಲೇನು?"

"ನಾ ಉಂಡೇನ್ರಿ. ಅದು ಉಂಡಿಲ್ಲ. ನಿನ್ನಿ ಸಂಜಿಲಿಂದ ಹಂಗಽ ಅದ."

ಲಾಕಪ್ಪಿನಿಂದ ಹೊರಗೆ ಹೋಗುವ ಯಾವುದನ್ನೂ ಬಿಚ್ಚಿ ನೋಡದೆ ಬಿಡಬಾರದು. ಮೂವತ್ತು ವರ್ಷದ ರೂಢಿ. ಅಮಾತೆಪ್ಪ ಚೀಲದ ಬಾಯಿ ಬಿಚ್ಚಲು ಹೋದ. ಒಳಗಿದ್ದ ಭೀಮರಾಯ ಚೀಲದ ಒಂದು ಕಿವಿಯನ್ನೇ ಸೀಳಿ, ಹೊಸೆದು, ಆ ಹುರಿಯಿಂದ ಬಾಯಿ ಕಟ್ಟಿದ್ದ. ಅಮಾತೆಪ್ಪ ಎಳೆದ. ಗಂಟು ಇನ್ನಷ್ಟು ಬಿಗಿಯಿತು. ಉಗುರು ಹಾಕಿದ. ಜಗ್ಗಲಿಲ್ಲ.

ಒಳಗಿನವನ ಮುಖದಲ್ಲಿ ನಿನ್ನೆಯಿಂದ ಮೊದಲ ಸಲ ನಗೆಯಂಥದ್ದೊಂದು ಮೂಡಿತು.

"ಎಳೀಬ್ಯಾಡ್ರಿ. ಎಳದಷ್ಟೂ ಬಿಗೀತದ. ಹೆಬ್ಬೆಟ್ಟು ಇಟ್ಟು ಹಿಂದಕ್ಕ ದೂಡ್ರಿ, ತಾನಽ ಬಿಚ್ಚತದ. ಹಂದಿ ಕಾಲಿಗಿ ಹಾಕೂ ಗಂಟ್ರಿ ಅದು. ಒದ್ದಾಡಿದಷ್ಟೂ ಹಿಡೀತದ. ನಮ್ಮಪ್ಪ ಕಲಿಸಿದ್ದು."

"ನೀ ಯಾರಿಗಿ ಕಲಿಸೀದಿ?"

"ನಾ ಯಾರಿಗಿ ಕಲಿಸ್ಲಿ? ಹೆಂಡ್ತಿಲ್ಲ, ಮಕ್ಕಳಿಲ್ಲ. ಹಂದಿಗಿ ಕಲಿಸಿದ್ರ ಅದು ಬಿಚ್ಚಿಕೊಂಡು ಹೋಗತದ."

ಚೀಲ ತೆಳುವಾಗಿದ್ದರಿಂದ ಒಳಗಿನದು ಹೊರಗೇ ಕಾಣುತ್ತಿತ್ತು. ಅಮಾತೆಪ್ಪ ಅದನ್ನು ಹಾಗೆಯೇ ಜೇಬಿಗಿಳಿಸಿದ.

ರವಿವಾರ ಸಂಜೆ ಕಾಣೆಯಾದ ಕರಿಗುಡ್ಡದ ಕುರಿಗಾರ ಹುಲಗಪ್ಪನ ಹೆಣ ಶಹಾಪುರ ಶಾಖಾ ಕಾಲುವೆಯ ತೂಬಿಗೆ ಸಿಕ್ಕಿ ಇಂದಿಗೆ ಮೂರು ದಿನ. ಅವನ ಹೆಂಡತಿಯ ತಮ್ಮ, ಶ್ರೀಮಂತ ಎಂಬವನು, ನಿನ್ನೆ ದೂರು ಬರೆಸಿದ್ದ: ಭೀಮರಾಯ ಹಂದಿಯ ಔಷಧ ಕೊಟ್ಟು ಕುರಿಗಳ ಕಣ್ಣು ಕಳೆದ, ಕೇಳಲು ಹೋದ ನಮ್ಮ ಭಾವನನ್ನು ಕಾಲುವೆಗೆ ದೂಡಿದ. ಹುಲಗಪ್ಪನ ಕುರಿಹಟ್ಟಿಯ ಮೂಲೆಯಲ್ಲಿ ಭೀಮರಾಯ ಕೊಟ್ಟಿದ್ದ ಬಾಟಲಿ ಸಿಕ್ಕಿತ್ತು. ಶನಿವಾರ ಕಾಲುವೆಯ ದಂಡೆಯಲ್ಲಿ ಇಬ್ಬರೂ ಕೂಗಾಡಿದ್ದನ್ನು ನಾಟಿಗೆ ಬಂದ ಹೆಂಗಸರು ಕೇಳಿದ್ದರು. ಅಷ್ಟು ಸಾಕಾಗಿತ್ತು. ಇಂದು ಸಂಜೆ ನಾಲ್ಕಕ್ಕೆ ಭೀಮರಾಯನನ್ನು ಕೋರ್ಟಿಗೆ ಒಯ್ಯಬೇಕು. ಒಮ್ಮೆ ಒಳಗೆ ಹೋದರೆ ಅವನಿಗೆ ಜಾಮೀನು ನಿಲ್ಲುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

"ಶನಿವಾರ ಯಾಕ ಒದರಾಡಿದ್ರಿ?"

"ಅಂವಾ ಕುರಿ ಕಣ್ಣಾಗ ಔಡಲೆಣ್ಣಿ ಬಿಡಾಕತ್ತಿದ್ದ ಸಾಹೇಬ್ರ. ಒಂದೊಂದಽ ತೊಡಿ ಮ್ಯಾಲ ಮಲಗಿಸಿಕೊಂಡು. ಏ ಹುಚ್ಚಾ, ಡಾಕ್ಟರನ್ನ ಕರಿಯೋ ಅಂತ ನಾ ಬೈದೆ. ಅಂವಾ ನನಗ ಬೈದ. ಬೈಗುಳ ಅಂದ್ರ ನಮಗ ಮಾತಽರಿ."

"ರವಿವಾರ?"

"ರವಿವಾರ ನಾ ಗುಡ್ಡದ ಕಡಿ ಹಂದಿ ಹುಡಕಾಕ ಹೋಗಿದ್ದೆ."

"ಸಂಜಿಗಿ ಹಟ್ಟಿ ಕಡಿ ಹೋಗಿದ್ದೇನು?"

"ಇಲ್ರಿ." ಭೀಮರಾಯ ನೆಲ ನೋಡಿದ. "ಆ ಹಟ್ಟಿ ಬಾಗಿಲಾ ನೋಡಿ ತಿಂಗಳ ಮ್ಯಾಲಾತು."

ಗಡಿಯಾರದಲ್ಲಿ ಹತ್ತೂವರೆ. ಅಮಾತೆಪ್ಪ ಬೈಕಿನ ಕೀಲಿ ತೆಗೆದುಕೊಂಡ.

*

ಶಹಾಪುರದ ಪಶು ದವಾಖಾನೆಯ ಅಂಗಳದಲ್ಲಿ ಡಾಕ್ಟರ್ ಮಲ್ಲೇಶ್ವರಿ ಒಂದು ಎಮ್ಮೆಯ ಬಾಯಿಯೊಳಗೆ ಮೊಣಕೈತನಕ ಕೈ ಹಾಕಿದ್ದಳು. ಎಮ್ಮೆಯವನು ಬಾಲ ಹಿಡಿದು ನಿಂತು, "ಜರಾ ನೋಡಕೊಂಡ್ರಿ ಮೇಡಮ್ಮಾರ, ಕಡೀತದ" ಅನ್ನುತ್ತಿದ್ದ. "ನೀ ಹಿಡಿದಿರೋ ಕಡೆಗಿ ಹಲ್ಲಿಲ್ಲ, ನಿಂಗೇನು ಹೆದರಿಕಿ?" ಎಂದು ಅವಳು ಕೈ ಹೊರಗೆಳೆದಳು.

ಅಮಾತೆಪ್ಪ ಮೊಬೈಲಿನಲ್ಲಿ ಬಾಟಲಿಯ ಚಿತ್ರ ತೋರಿಸಿದ. ಬಿಳಿ ಬಾಟಲಿ, ನೀಲಿ ಚೀಟಿ.

ಅವಳು ಕೈ ತೊಳೆಯುತ್ತಲೇ ನೋಡಿದಳು. "ಫೆನ್‌ಬೆಂಡಜೋಲ್. ಹೊಟ್ಟಿ ಜಂತಿನ ಔಷಧ. ಇದಽ ಏನು, ಊರವರೆಲ್ಲ ಹಂದಿ ಔಷಧ ಅಂತ ಕುಣಿದಿದ್ದು?"

"ಹಂದಿದಲ್ಲೇನ್ರಿ?"

"ಹಂದಿಗೂ ಇದಽ, ಕುರಿಗೂ ಇದಽ. ಕುರಿಗಿ ಬಿದಿರಿನ ಗೊಟ್ಟದಾಗ ಬಾಯಿಗಿ ಹಾಕ್ತಾರ. ಹಂದಿ ಬಾಯಿಗಿ ಯಾರು ಕೈ ಹಾಕ್ತಾರ? ಅದಕ್ಕ ಹಿಟ್ಟಿನಾಗ ಕಲಸಿ ಇಡ್ತಾರ. ತೂಕ ನೋಡಿ ಅಳತಿ, ಅಷ್ಟಽ ಫರಕು. ಅಳತಿ ಜರಾ ಹೆಚ್ಚಾದ್ರೂ ತಡೀತಾವ. ಇದರಿಂದ ಕಣ್ಣು ಹೋಗಂಗಿಲ್ಲ ಅಮಾತೆಪ್ಪನವ್ರ."

"ಮತ್ತ ಹೋಗ್ಯಾವಲ್ರಿ."

"ಹೋಗ್ಯಾವ." ಅವಳು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. "ಸೋಮವಾರ ನಾನಽ ಹೋಗಿ ನೋಡೀನಿ. ಬ್ಯಾಟರಿ ಬಿಟ್ರ ಕಣ್ಣಿನ ಪಾಪಿ ಕಿರಿದಾಗಬೇಕು. ಆಗಲಿಲ್ಲ. ತಾಟಿನಂಗ ತೆರಕೊಂಡು ನಿಂತಾವ. ಮೂವತ್ತೊಂದು ಕುರಿಯಾಗ ಐದು ಸಣ್ಣ ಮರಿ ಬಿಟ್ಟು ಉಳಿದವೆಲ್ಲ ಹಂಗಽ. ಅಂದಹಾಗ ಆ ಹಟ್ಟಿ ಬಾಗಿಲ ತಡಿಕಿ ಬಿಚ್ಚಾಕಽ ಬರ್ಲಿಲ್ಲ. ಮುಳ್ಳು ಬೇಲಿ ಹಾರಿ ಹೋದೆ, ಹೊಸಾ ದುಪಟ್ಟಾ ಹರೀತು."

ಅವಳು ಮೇಜಿನ ಬಳಿ ಕೂತು, ಸಾವಕಾಶವಾಗಿ, ಬಡಪಾಯಿ ರೈತನಿಗೆ ಹೇಳುವ ಹಾಗೆ ಹೇಳಿದಳು. ಕಾಲುವೆ ಬಂದಮೇಲೆ ಭತ್ತ ಬಂತು, ಭತ್ತದ ಕೆಸರಿನಲ್ಲಿ ಬಸವನಹುಳ ಬಂತು, ಅದರಿಂದ ಕುರಿಗಳ ಯಕೃತ್ತಿಗೆ ಚಪ್ಪಟೆ ಹುಳ ಬಂತು. ದವಡೆಯ ಕೆಳಗೆ ನೀರಿನ ಚೀಲ ಇಳಿಬೀಳುವುದು ಅದರ ಗುರುತು. ಅದಕ್ಕೆ ಕೊಡುವುದು ಬೇರೆ ಔಷಧ, ಕ್ಲೊಸಾಂಟೆಲ್. ಒಂದು ಸಲ, ತೂಕ ನೋಡಿ ಕೊಟ್ಟರೆ ಒಳ್ಳೆಯದು. ಆದರೆ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಅದು ಇಳಿಯುವ ಮೊದಲೇ ಮತ್ತೊಮ್ಮೆ ಕೊಟ್ಟರೆ, ಅದರಲ್ಲೂ ಸೊರಗಿದ ಕುರಿಗಳಿಗೆ, ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಅಳತೆ ಹೊಯ್ದರೆ, ಕಣ್ಣಿನ ನರ ಹೋಗುತ್ತದೆ. ಅದೂ ಕೂಡಲೇ ಅಲ್ಲ. ಒಂದು ವಾರ, ಹತ್ತು ದಿನ ಬಿಟ್ಟು.

"ಮತ್ತ ಬರತಾವೇನ್ರಿ ಕಣ್ಣು?"

ಅವಳು ತಲೆಯಾಡಿಸಿದಳು. ಬರುವುದಿಲ್ಲ.

"ಎರಡು ಸಲ ಕುಡಸೂವಷ್ಟು ಹುಲಗಪ್ಪ ಮಬ್ಬ ಅಲ್ರಿ ಮೇಡಮ್ಮಾರ. ಔಷಧ ಕುಡಿಸಿದ ಕುರಿಗಿ ಜಾಜು ಹಚ್ಚತಾರ. ಕೆಂಪು ಕಂಡ್ರ ಮತ್ತ ಹಿಡಿಯಂಗಿಲ್ಲ."

"ಹಂಗಾದ್ರ ಒಂದು ಸಲದ ಕೆಂಪು ಅಂವಗ ಕಾಣಲಿಲ್ಲ," ಎಂದಳು ಮಲ್ಲೇಶ್ವರಿ. "ಯಾಕ ಕಾಣಲಿಲ್ಲ ಅನ್ನೂದು ನಿಮ್ಮ ಇಲಾಖಿ."

*

ಭೀಮರಾಯನ ಹಂದಿಗೂಡು ಕರಿಗುಡ್ಡದ ಆಚೆ, ಊರು ಮುಗಿದಮೇಲೆ ಎರಡು ಹೊಲ ದಾಟಿ. ನಾಲ್ಕು ಕಲ್ಲುಕಂಬ, ಮೇಲೆ ತಗಡು. ಪಕ್ಕದಲ್ಲಿ ಅವನದೇ ಮಲಗುವ ಜಾಗ. ಎರಡಕ್ಕೂ ಒಂದೇ ತಗಡು. ದೂರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡದ ಸಾಲು ಬಿಸಿಲಿಗೆ ಬೆಳ್ಳಗಾಗಿತ್ತು.

ಗಬ್ಬದ ಹಂದಿ ಅಡ್ಡಗಟ್ಟಿಗೆ ಮೂಗು ಒತ್ತಿ ನಿಂತಿತ್ತು. ಅಮಾತೆಪ್ಪ ಎಡಕ್ಕೆ ಸರಿದ. ಅದರ ಸಣ್ಣ ಕಣ್ಣು ಎಡಕ್ಕೆ ಸರಿಯಿತು. ಬಲಕ್ಕೆ ಬಂದ. ಅದೂ ಬಂತು. ಅದೇ ಬಾಟಲಿಯ ಔಷಧವನ್ನು ಅದೂ ತಿಂದಿತ್ತು. ಅರ್ಧ ಅದಕ್ಕೆ, ಉಳಿದರ್ಧ ಹುಲಗಪ್ಪನ ಕುರಿಗಳಿಗೆ ಎಂದು ಭೀಮರಾಯ ಹೇಳಿಕೆಯಲ್ಲಿ ಬರೆಸಿದ್ದ.

"ನಿನಗ ಎಲ್ಲಾ ಕಾಣತದಲ್ಲ," ಎಂದ ಅಮಾತೆಪ್ಪ.

ಅಂದ ಮೇಲೆ ನಾಚಿಕೆಯಾಯಿತು. ಆದರೆ ಸುತ್ತ ಯಾರಿರಲಿಲ್ಲ. ಹೆಂಡತಿ ಹೋದಮೇಲೆ ಕ್ವಾರ್ಟರ್ಸಿನಲ್ಲಿ ಅವನು ಸ್ಟೋವಿನೊಂದಿಗೂ ಮಾತಾಡಿದ್ದುಂಟು.

ಜೇಬಿನಿಂದ ಚೀಲ ತೆಗೆದು, ಮರೆತು ಎಳೆದ. ಬಿಗಿಯಿತು. ನೆನಪಾಗಿ ಹೆಬ್ಬೆಟ್ಟನ್ನು ಗಂಟಿನ ಮೇಲಿಟ್ಟು ಹಿಂದಕ್ಕೆ ದೂಡಿದ. ಎರಡು ಸುತ್ತು ಒಂದರ ಮೇಲೊಂದು ಜಾರಿ ಗಂಟು ಅಂಗೈಯಲ್ಲಿ ಬಿದ್ದುಹೋಯಿತು. ಇಷ್ಟು ಸಲೀಸೇ ಎನ್ನಿಸಿತು.

ಹಂದಿ ರೊಟ್ಟಿ ತಿಂದು, ಉಪ್ಪಿಟ್ಟು ತಿಂದು, ಅವನ ಹಿಂದೆ ಯಾರಾದರೂ ಬರುತ್ತಾರೋ ಎಂದು ದಾರಿ ನೋಡಿತು. ಅವನು ಡಬ್ಬಿಯಲ್ಲಿದ್ದ ನೀರು ಬಾನಿಗೆ ಹೊಯ್ದ.

ಒಂದು ಮಾತು ದವಾಖಾನೆ ಬಿಟ್ಟಾಗಿನಿಂದ ಅವನ ತಲೆಯಲ್ಲಿ ತಿರುಗುತ್ತಿತ್ತು. ಚಿಕ್ಕವನಿದ್ದಾಗ ಐದು ವರ್ಷ ಸೋದರಮಾವನ ಕುರಿ ಕಾಯ್ದವನು ಅವನು. ಜಾಜಿನ ಬಟ್ಟಲು ಹಿಡಿದು ನಿಲ್ಲುವುದು ಅವನ ಕೆಲಸ. ಒಮ್ಮೆ ಬೆನ್ನಿಗೆ ಬಳಿದದ್ದಕ್ಕೆ ಮಾವ ತಲೆಯ ಮೇಲೆ ಒಂದು ಕೊಟ್ಟು ಹೇಳಿದ್ದ: "ಬೆನ್ನು ಕತ್ತರಿದು. ಹಣಿ ನಮ್ಮದು."

*

ಹುಲಗಪ್ಪನ ಮನೆ ಊರಿನ ಈ ಕಡೆಯ ತುದಿ. ಮನೆಗೆ ಅಂಟಿಕೊಂಡು ಮುಳ್ಳುಬೇಲಿಯ ಹಟ್ಟಿ. ಬಾಗಿಲಿಗೆ ತೊಗರಿಕಟ್ಟಿಗೆಯಲ್ಲಿ ಹೆಣೆದ ತಡಿಕೆ, ಗೂಟಕ್ಕೆ ಹಗ್ಗದಿಂದ ಕಟ್ಟಿದ್ದು. ಅದೇ ಗೂಟಕ್ಕೆ ಟಗರಿನ ಕೊರಳ ಗಂಟೆಯೊಂದು ನೇತಾಡುತ್ತಿತ್ತು.

ಪಕ್ಕದ ಮನೆಯ ಮುದುಕಿ ಶಂಕ್ರಮ್ಮ ಬೇಲಿಯ ಮೇಲಿಂದ ಕೊಡದ ನೀರನ್ನು ಒಳಗಿನ ಕಲ್ಲುದೋಣಿಗೆ ಹೊಯ್ಯುತ್ತಿದ್ದಳು. ಅರ್ಧ ದೋಣಿಗೆ, ಅರ್ಧ ನೆಲಕ್ಕೆ.

"ಬಂದ್ಯೇನಪ್ಪಾ ಪೊಲೀಸಪ್ಪ. ಮಂದಿ ಹೇಳಿಕಿ ಮುಗೀತು, ಇನ್ನ ಕುರಿ ಹೇಳಿಕಿ ತಗೋತಿ ಏನು?"

"ಅವಾದ್ರೂ ಖರೇ ಹೇಳ್ಯಾವು ಅಂತ ಬಂದೀನಿ ಯಮ್ಮಾ."

"ಅವಕ್ಕ ಕಂಡಿದ್ರಲ್ಲ ಹೇಳಾಕ." ಅವಳ ನಗು ಅರ್ಧಕ್ಕೇ ನಿಂತಿತು. ಮನೆಯ ಕಡೆ ಗದ್ದವೆತ್ತಿ ಸಣ್ಣ ದನಿಯಲ್ಲಿ ಹೇಳಿದಳು, "ಅಕಿನ್ನ ಜರಾ ಮಾತಾಡ್ಸು. ಊಟಿಲ್ಲ, ನಿದ್ದಿಲ್ಲ. ಹಗಲೂ ರಾತ್ರಿ ಕತ್ತರಿಸಿದ ಉಣ್ಣಿ ಚೀಲ ತಬ್ಕೊಂಡು ಕುಂತಿರತಾಳ."

ಕೊಡ ಸೊಂಟಕ್ಕಿಟ್ಟುಕೊಂಡು ಮುದುಕಿ ಹೋದಳು.

ಅಮಾತೆಪ್ಪ ಬೇಲಿಯ ಮೇಲಿಂದ ನೋಡಿದ. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮೈಮೇಲಿನ ಉಣ್ಣೆ ಮೂರು ವಾರದ ಹಿಂದಷ್ಟೇ ಕತ್ತರಿಸಿದ್ದು, ಬೆನ್ನುಗಳು ಬೋಳು. ಹಣೆಯ ಮೇಲೆ ಮಾಸಿದ ಕೆಂಪು ಬೊಟ್ಟು. ನೆಲದ ಮೇಲೆ ನೀರು ಹರಿದ ಸದ್ದಿಗೆ ಎಲ್ಲವೂ ಮುಖ ತಿರುಗಿಸಿದವು, ಆದರೆ ಯಾವುದೂ ಹೆಜ್ಜೆ ಎತ್ತಲಿಲ್ಲ. ಐದು ಮರಿಗಳು ಮಾತ್ರ ತಾಯಂದಿರ ಕಾಲಸಂದಿಯಿಂದ ನೇರವಾಗಿ ಅವನನ್ನೇ ನೋಡಿದವು.

ಗೊಲ್ಲಾಳಮ್ಮ ಬಾಗಿಲಿಗೆ ಬಂದಳು. ಹುಲಗಪ್ಪನ ಹೆಂಡತಿ. ನಲವತ್ತರ ಹೆಂಗಸು. ಮೂರು ದಿನದಲ್ಲಿ ಮುಖದ ಎಲುಬು ಎದ್ದಿದ್ದವು.

"ಬರ್ರಿ ಅಣ್ಣಾರ. ಕುಂಡ್ರಿ."

ಅವನು ಕಟ್ಟೆಯ ಮೇಲೆ ಕೂತ. ಅವಳು ಹೊಸ್ತಿಲಲ್ಲಿ ಕೂತಳು.

"ಹುಲಗಪ್ಪ ಕುರಿಗಿ ಯಕೃತ್ತಿನ ಹುಳದ ಔಷಧ ಯಾವಾಗ ಕುಡಿಸಿದ್ದ, ತಂಗಿ?"

"ಹದಿನೈದು ದಿನಾತ್ರಿ. ಕಾಲುವಿ ಆಚಿ ಹೊಲದಾಗ ಗೊಬ್ಬರಕ್ಕ ಕುರಿ ಮಂದಿ ತರುಬಿದ್ರಲ್ಲ, ಅಲ್ಲೇ. ಸುರಪುರದಿಂದ ಅವರಽ ತಂದಿದ್ರು."

"ಹಣಿಗಿ ಜಾಜು ಹಚ್ಚಿ."

"ಹೌದ್ರಿ. ಅವರು ಯಾವತ್ತೂ ಹಣಿಗೇ."

"ಅದಕ್ಕ ಮೊದಲ?"

"ಮೊದಲ ಏನ್ರಿ?"

"ಅದಕ್ಕ ಮೊದಲ ಕುಡಿಸಿದ್ದು."

"ಕುಡಿಸಿಲ್ರಿ. ಭೀಮರಾಯ ಕೊಟ್ಟಿದ್ದ ಬಿಳಿದು ಒಂದಽ."

ಅವನು ಹಟ್ಟಿಯೊಳಗಿನ ಬೋಳು ಬೆನ್ನುಗಳತ್ತ ನೋಡಿದ. ಬಿಸಿಲು ಕಟ್ಟೆಯ ಅಂಚಿನಿಂದ ಒಂದು ಬೆರಳು ಸರಿಯಿತು.

"ಉಣ್ಣಿ ಯಾವಾಗ ಕತ್ತರಿಸಿದ್ರಿ?"

"ಗೌರಿ ಹುಣ್ಣಿಮಿ ಮರುದಿನ."

"ಹುಲಗಪ್ಪ ಇದ್ದನೇನು ಅವತ್ತು?"

"ಇದ್ದಿದ್ದಿಲ್ರಿ. ಸುರಪುರಕ್ಕ, ಅವರಕ್ಕನ ಮನಿಗಿ ಹೋಗಿದ್ರು. ಕತ್ತರಸೂ ಮಂದಿ ಬಂದಿದ್ರು, ಬಿಟ್ರ ಮತ್ತ ಸಿಗಂಗಿಲ್ಲ ಅಂತ…"

"ಉಣ್ಣಿ ಎಲ್ಲದ?"

ಅವಳು ಸೆರಗನ್ನು ಬೆರಳಿಗೆ ಸುತ್ತಿದಳು. "ಮಾರೀವ್ರಿ."

"ಯಾರಿಗಿ?"

ಅವಳ ಕಣ್ಣು ಮನೆಯೊಳಕ್ಕೆ ಹೊರಳಿತು.

"ತಂಗಿ," ಎಂದ ಅಮಾತೆಪ್ಪ, "ನನ್ನ ಹೆಂಡ್ತಿ ಹೋದ ಮ್ಯಾಲ ನಾನೂ ಆಕಿ ಕೌದಿ ಮಡಚಿ ತಲಿ ಕೆಳಗ ಇಟ್ಕೊಂತೀನಿ. ಅದರಾಗ ತಪ್ಪಿಲ್ಲ. ಆದ್ರ ನೀ ಆ ಚೀಲ ತಬ್ಕೊಂಡಿದ್ದು ಗಂಡನ ನೆನಪಿಗೋ, ಮತ್ತೊಬ್ಬರ ಕಣ್ಣಿಗಿ ಬೀಳಬಾರದು ಅಂತೋ? ಅದಷ್ಟು ಹೇಳು."

ಅವಳು ಎದ್ದು ಒಳಗೆ ಹೋದಳು. ಓಡಿಹೋದಳೇನೋ ಎನ್ನಿಸುವಷ್ಟು ಹೊತ್ತಾಯಿತು. ಆಮೇಲೆ ಗೋಣಿಚೀಲವೊಂದನ್ನು ನೆಲದ ಮೇಲೆ ಎಳೆದುಕೊಂಡು ಬಂದಳು. ಅವನ ಮುಂದೆ ಬಿಟ್ಟು, ಮುಖ ತಿರುಗಿಸಿ ನಿಂತಳು.

ಚೀಲದ ಬಾಯಿಂದ ಕುರಿಯ ವಾಸನೆ ಎದ್ದಿತು. ಅವನು ಒಂದು ಹಿಡಿ ತೆಗೆದ. ಕರಿ ಉಣ್ಣೆ, ನಡುವೆ ಬೂದು. ಇನ್ನೊಂದು ಹಿಡಿ. ಮೂರನೆಯದರಲ್ಲಿ ಸಿಕ್ಕಿತು: ನಾಲ್ಕು ಬೆರಳು ಎಳೆದ ಹಾಗೆ ಅಂಟಂಟಾದ ಕೆಂಪು. ಅಂಗೈಯಲ್ಲಿ ತಿಕ್ಕಿದ. ಅಂಗೈ ಕೆಂಪಾಯಿತು. ನಾಲ್ಕನೆಯ ಹಿಡಿಯಲ್ಲೂ ಇತ್ತು. ಐದನೆಯದರಲ್ಲೂ.

"ಕುರಿಗಾರ ಬೆನ್ನಿಗಿ ಹಚ್ಚಂಗಿಲ್ಲ," ಎಂದ. "ಉಣ್ಣಿ ಜೋಡಿ ಗುರುತೂ ಹೋಗತದ ಅಂತ ಅಂವಗ ಗೊತ್ತಿರತದ. ಇದು ಯಾರ ಕೈ?"

"ನಮ್ಮ ಶ್ರೀಮಂತಂದು."

ಹೇಳಿದವಳು ಚೀಲದ ಪಕ್ಕ ಕೂತಳು.

ಶ್ರೀಮಂತ ಶಹಾಪುರದಲ್ಲಿ ದನದ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕುರಿಗಾರರ ಮನೆಯಲ್ಲೇ ಹುಟ್ಟಿ, ಸಾಲೆ ಕಲಿತು, ಕುರಿ ಮುಟ್ಟದೆ ದೊಡ್ಡವನಾದವನು. ಅವನಿಗೂ ಹುಲಗಪ್ಪನಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಯಾವುದೋ ಮದುವೆಯಲ್ಲಿ 'ಕುರಿ ಹಿಂದ ತಿರಗೂ ಮಂದಿ' ಎಂದು ಶ್ರೀಮಂತ ನಕ್ಕಿದ್ದ. ಅವನ ಕೈಯಿನದು ನನ್ನ ಹಟ್ಟಿ ಮುಟ್ಟಬಾರದು ಎಂದು ಹುಲಗಪ್ಪ ಆಣೆ ಹಾಕಿದ್ದ.

"ಕುರಿ ಗದ್ದದ ಕೆಳಗ ನೀರು ತುಂಬಿದ್ವು ಅಣ್ಣಾರ. ಇವರು ನೋಡೂಣು ನೋಡೂಣು ಅಂತಿದ್ರು. ನನಗ ಹೊಟ್ಟಿ ತಡೀಲಿಲ್ಲ. ಇವರು ಸುರಪುರಕ್ಕ ಹೋದ ದಿನಾನಽ ತಮ್ಮಗ ಫೋನ್ ಮಾಡಿದೆ. ಬಾಟ್ಲಿ ತಂದ, ಸಣ್ಣ ಮರಿ ಬಿಟ್ಟು ಎಲ್ಲಾಕ್ಕೂ ಕುಡಿಸಿದ. ಹಣಿಗಿ ಹಚ್ಚೋ ಅಂದೆ. 'ಬೆನ್ನು ಅಗಲ ಅದ ಅಕ್ಕಾ, ಜಲ್ದಿ ಆಗತದ' ಅಂದ. ಮರುದಿನ ಕತ್ತರಸೂ ಮಂದಿ ಬಂದ್ರು."

"ಗಂಡಗ ಹೇಳಲಿಲ್ಲ."

"ಹೇಳಬೇಕಂತಿದ್ದೆ. ಬಂದವರು ಬಂದಂಗಽ ಕುರಿ ಮಂದಿ ಹೊಡಕೊಂಡು ಹೊಲಕ್ಕ ಹೋದ್ರು. ಮನಿಗಿ ಬಂದಾಗ ಹೇಳಿದ್ರಾತು, ಊಟಕ್ಕ ಕುಂತಾಗ ಹೇಳಿದ್ರಾತು… ಊಟಕ್ಕ ಬರ್ಲೇ ಇಲ್ರಿ ಅವರು. ಬುತ್ತಿ ಕಳಸೂದಽ ಆತು. ಅವರೂ ಔಷಧ ಕುಡಿಸ್ಯಾರ ಅಂತ ನನಗ ಗೊತ್ತಾಗೂದ್ರಾಗ…"

ಕೊನೆಯ ಮೂರು ದಿನ ಆ ಮನುಷ್ಯ ಕಾಲುವೆಯಾಚೆಯ ಬಯಲಲ್ಲಿ, ಒಂದೊಂದೇ ಕುರುಡಾಗುತ್ತಿದ್ದ ಕುರಿಗಳ ನಡುವೆ, ತನ್ನ ಕೈಯಿಂದಲೇ ಹೀಗಾಯಿತೆಂದು ಎಣಿಸಿ ಎಣ್ಣೆ ಬಿಡುತ್ತ ಕೂತಿದ್ದನ್ನು ಅಮಾತೆಪ್ಪ ಕಣ್ಣ ಮುಂದೆ ತಂದುಕೊಂಡ. ತಪ್ಪಲ್ಲದ ತಪ್ಪನ್ನು ಹೊತ್ತುಕೊಂಡು.

"ಭೀಮರಾಯನ ಹೆಸರು ಯಾಕ ಬರಸಿದಿ?"

"ನಾ ಬರಸಿಲ್ರಿ. ತಮ್ಮ ಬರಸ್ಯಾನ. ಅಂವಾ ಹಂದಿ ಔಷಧ ಅಂದ್ರ ಮಂದಿ ನಂಬತಾರ, ನೀ ಸಾಕ್ಷಿಗಿ ಹೆಬ್ಬೆಟ್ಟು ಒತ್ತು ಅಂದ. ಒತ್ತಿದೆ. ಅಂಗಡಿಯಿಂದ ತೆಗೀತಾರ ಅಂತ ಹೆದರ್ಯಾನ ಅಣ್ಣಾರ. ಒಬ್ಬನಽ ತಮ್ಮ."

"ಅಂವಾ ಒಬ್ಬನಽ ಇದ್ದಾನಲ್ಲ, ಲಾಕಪ್ಪಿನಾಗ ಕುಂತಾಂವ. ಅಂವಗ ಅಕ್ಕನೂ ಇಲ್ಲ."

ಅವಳು ಅತ್ತಳು. ಸದ್ದಿಲ್ಲದೆ, ಹೆಗಲು ಮಾತ್ರ ಅಲುಗುವ ಹಾಗೆ. ಅವನು ಅಳುವುದು ಮುಗಿಯುವತನಕ ಕಾದ. ಆಮೇಲೆ ಕಾಗದ ತೆಗೆದು ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದ, ಓದಿ ಹೇಳಿದ, ಹೆಬ್ಬೆಟ್ಟು ಒತ್ತಿಸಿಕೊಂಡ.

ಮೂರಕ್ಕೆ ಹತ್ತು ನಿಮಿಷ ಇತ್ತು. ಠಾಣೆಗೆ ಫೋನ್ ಮಾಡಿದ.

"ಸರ್, ಭೀಮರಾಯನ್ನ ಕೋರ್ಟಿಗಿ ಒಯ್ಯಬ್ಯಾಡ್ರಿ. ಕುರಿ ಕಣ್ಣು ಕಳದಿದ್ದು ಅಂವನ ಬಾಟ್ಲಿ ಅಲ್ಲ. ದೂರು ಸುಳ್ಳು. ಬರಕೊಂಡೀನಿ."

ಆ ಕಡೆಯಿಂದ ಪಿಎಸ್‌ಐ ಒಂದು ಉಸಿರು ಬಿಟ್ಟರು. "ಕುರಿ ಸಂಗತಿ ಹೋಗ್ಲಿ. ಹುಲಗಪ್ಪನ ಹತ್ರ ಅವತ್ತು ಅಂವಾ ಇದ್ದಿಲ್ಲ ಅಂತ ನೀವು ಖಾತ್ರಿ ಕೊಡ್ತೀರೇನ್ರಿ ಅಮಾತೆಪ್ಪ?"

ಹಂದಿಗೆ ರೊಟ್ಟಿ ಉಳಿಸಿದ ಕೈ ಕಣ್ಣ ಮುಂದೆ ಬಂತು.

"ಕೊಡ್ತೀನಿ ಸರ್."

"ಹಂಗಾದ್ರ ಕಾಗದ ತಯಾರ ಮಾಡಸ್ತೀನಿ. ಅಂವನ್ನ ಬಿಡೂ ಮೊದಲ ನಿಮಗೊಂದು ಫೋನ್ ಹಚ್ಚತೀನಿ."

*

ಹೋಗುವ ಮುನ್ನ ಒಂದೇ ಮಾತು ಉಳಿದಿತ್ತು. ಅವನು ಹಟ್ಟಿಯ ಬಾಗಿಲಿಗೆ ಹೋಗಿ, ಗೂಟದ ಮೇಲಿನ ಗಂಟೆಯನ್ನು ಬೆರಳಿನಿಂದ ತಟ್ಟಿದ. ಒಳಗೆ ಇಪ್ಪತ್ತಾರು ತಲೆಗಳು ಒಟ್ಟಿಗೆ ಎದ್ದವು. ಒಟ್ಟಿಗೆ ಇತ್ತ ತಿರುಗಿದವು. ಕಾಲುಗಳು ಅಲುಗಿದವು.

ಕುರಿಗಳು ತಾವೇ ಮನೆಗೆ ಬಂದವು ಎಂದು ಪಂಚನಾಮೆಯಲ್ಲಿ ಬರೆದಿತ್ತು. ಬರೆದವನು ಅಮಾತೆಪ್ಪನೇ. ಕಾಲುವೆಯ ಸಣ್ಣ ಸೇತುವೆಗೆ ಕಟಾಂಜನವಿಲ್ಲ. ಕಣ್ಣಿಲ್ಲದ ಇಪ್ಪತ್ತಾರು ಕುರಿ ಒಂದೂ ನೀರಿಗೆ ಬೀಳದೆ ಅದನ್ನು ದಾಟಿದ್ದವು.

"ರವಿವಾರ ಸಂಜಿ ಇವು ಹೆಂಗ ಬಂದ್ವು, ತಂಗಿ?"

"ಗಂಟಿ ಸಪ್ಪಳ ಕೇಳಿತ್ರಿ." ಗೊಲ್ಲಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು. "ಟಗರಿನ ಕೊರಳಾಗ ಇದ್ದಾಗಿನಂಗ ಅಲ್ಲ. ಅದು ನಡದಂಗ ಬಡೀತದ. ಇದು ಕೈಯಾಗ ಹಿಡದು ಬಾರಿಸಿದಂಗ, ಒಂದ ಸಮ. ಅವರಽ ಮುಂದ ನಡಕೊಂತ ಕರಕೊಂಡು ಬರಾಕತ್ತಾರ ಅನಕೊಂಡೆ. ಬಿಸಿ ರೊಟ್ಟಿ ಹಾಕೂಣು ಅಂತ ಹಂಚು ಇಟ್ಟೆ. ಇವತ್ತು ಹೇಳಿಬಿಡೂಣು ಅಂತನೂ ಗಟ್ಟಿ ಮಾಡಿದ್ದೆ. ರೊಟ್ಟಿ ಉಬ್ಬಿತು. ಅವರು ಬರ್ಲಿಲ್ಲ. ಹೊರಗ ಬಂದು ನೋಡಿದ್ರ ಕುರಿ ಒಳಗ, ತಡಿಕಿ ಕಟ್ಟೇದ, ಗಂಟಿ ಗೂಟಕ್ಕ. ಕೈಕಾಲು ತೊಳಿಯಾಕ ಕಾಲುವಿಗಿ ಹೋಗ್ಯಾರ ಅಂತ ಕುಂತೆ."

ಅವಳು ತಡಿಕೆಯ ಹಗ್ಗವನ್ನು ಮುಟ್ಟಿದಳು, ನಿದ್ದೆ ಹೋದ ಕೂಸನ್ನು ಮುಟ್ಟುವ ಹಾಗೆ.

"ಅವತ್ತಿನಿಂದ ಇದನ್ನ ಬಿಚ್ಚಿಲ್ರಿ. ಬಿಚ್ಚಾಕ ಬರ್ಲೇ ಇಲ್ಲ. ಅವರು ಯಾವತ್ತೂ ಹಾಕೂ ಗಂಟು ಒಂದು ಎಳದ್ರ ಬರತದ. ಇದು ಎಳದಷ್ಟೂ ಬಿಗೀತು. ಕೊಯ್ಯಾಕ ಮನಸಾಗಲಿಲ್ಲ. ಅವರ ಕೈಲಿಂದ ಕಟ್ಟಿದ್ದು, ಕಡೀದು. ಅದಕ್ಕಽ ಮೇವು ಮ್ಯಾಲಿಂದ ಒಗೀತೀವಿ, ನೀರು ಮ್ಯಾಲಿಂದ ಹೊಯ್ತೀವಿ."

ಅಮಾತೆಪ್ಪನ ಕೈ ಗಂಟೆಯ ಮೇಲೆಯೇ ಉಳಿಯಿತು.

ಅವನು ಮೊಣಕಾಲೂರಿ ಕೂತ. ಹಗ್ಗ ಗೂಟಕ್ಕೆ ಎರಡು ಸುತ್ತು ಬಂದು, ತನ್ನ ಹೊಟ್ಟೆಯ ಕೆಳಗೇ ತಲೆ ತೂರಿಸಿತ್ತು. ಅವನು ಒಂದು ತುದಿ ಎಳೆದ. ಬಿಗಿಯಿತು. ಇನ್ನೊಂದು ತುದಿ ಎಳೆದ. ಗೂಟ ಕಿರ್ ಎಂದಿತು.

"ಕೊಯ್ಯಬ್ಯಾಡ್ರಿ ಅಣ್ಣಾರ."

"ಕೊಯ್ಯಂಗಿಲ್ಲ."

ಅಂಗೈಯಲ್ಲಿ ಇನ್ನೂ ಜಾಜಿನ ಕೆಂಪಿತ್ತು. ಆ ಕೈಯ ಹೆಬ್ಬೆಟ್ಟನ್ನು ಗಂಟಿನ ಮೇಲಿಟ್ಟ. 'ಆ ಹಟ್ಟಿ ಬಾಗಿಲಾ ನೋಡಿ ತಿಂಗಳ ಮ್ಯಾಲಾತು' ಅಂದಿದ್ದ ಭೀಮರಾಯ. ಬಿಚ್ಚದಿರಲಿ ಎಂದು ಬೇಡಿಕೊಂಡ. ಯಾವ ದೇವರಿಗೆಂದು ಗೊತ್ತಿಲ್ಲ.

ಹಿಂದಕ್ಕೆ ದೂಡಿದ.

ಎರಡು ಸುತ್ತು ಒಂದರ ಮೇಲೊಂದು ಜಾರಿ, ಹಗ್ಗ ಅವನ ಅಂಗೈಯಲ್ಲಿ ಬಿತ್ತು. ತಡಿಕೆ ತನ್ನ ಭಾರಕ್ಕೆ ತಾನೇ ಒಳಕ್ಕೆ ವಾಲಿತು. ತೆರೆದ ಬಾಗಿಲಿನ ಗಾಳಿಗೆ ಕುರಿಗಳು ಮೂಗೆತ್ತಿದವು. ಒಂದೂ ಹೊರಗೆ ಬರಲಿಲ್ಲ.

ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ತೆಗೆದು ನೋಡಿದ. ಠಾಣೆಯ ನಂಬರು.

ಗೊಲ್ಲಾಳಮ್ಮ ಬಾಯಿಗೆ ಸೆರಗು ಒತ್ತಿ, ಅವನ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದಳು.

"ನನಗ ಬರ್ಲಾರದ್ದು ನಿಮಗ ಹೆಂಗ ಬಂತ್ರಿ ಅಣ್ಣಾರ?" ಎಂದಳು. "ಅವರ ಗಂಟು ಬಿಚ್ಚೂದು ನಿಮಗ ಯಾರು ಕಲಿಸಿದ್ರು?"

ಫೋನ್ ಬಡಿದುಕೊಳ್ಳುತ್ತಲೇ ಇತ್ತು.